ಜೋಗಿಮಟ್ಟಿ ತಪ್ಪಿತು, ಹೊಂಡಗಳು ಸಿಕ್ಕವು

ಎಲ್ಲರಿಗೂ ನಮಸ್ಕಾರ. ನಿನ್ನೆ ಬರಲಾಗದವರಿಗೆ ಹೇಳಲೇಬೇಕು ಅಂತ ಬರೆಯುತ್ತಿದ್ದೇನೆ.

ನಮ್ಮ ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಕಾಡಿಗೆ ಹೋಗಲಾಗಲಿಲ್ಲ. 6 ಗಂಟೆಗೆ ಬರಬೇಕಿದ್ದ ಗಾಡಿಯ ಕ್ಲಚ್ ಹೋಗಿದೆ ಅಂತ ಏಳೂವರೆಗೆ ಫೋನ್ ಬಂತು. ಮಕ್ಕಳ ಮುಖ ಸಪ್ಪಗಾಯಿತು. ನನಗೂ ತುಂಬಾ ಬೇಜಾರಾಯಿತು, ಹದಿನೈದು ದಿನದಿಂದ ಕಾದಿದ್ದೆವು ಅಲ್ವಾ.

"ಬುತ್ತಿ ಕಟ್ಟಿದ್ದೀವಿ, ಸುಮ್ನೆ ಮನೆಗ್ಯಾಕೆ ಹೋಗೋದು? ಕೋಟೆ ಹತ್ತೋಣ ನಡೀರಿ" ಅಂದರು ನಮ್ಮ ಹಿರಿಯಕ್ಕ. ಹುಟ್ಟಿದಾಗಿನಿಂದ ನೋಡಿದ ನಮ್ಮೂರ ಕೋಟೆ. ಒಲ್ಲದ ಮನಸ್ಸಿನಿಂದಲೇ ಹೊರಟೆ.

ವಾರವೆಲ್ಲ ಮಳೆ ಬಂದಿತ್ತಲ್ಲ, ಕೋಟೆ ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿ ನೀರು ಅಕ್ಕ ತಂಗಿ ಹೊಂಡದ ಕಡೆ ಇಳಿಯುತ್ತಿತ್ತು! ಅಲ್ಲಿಂದ ಸಿಹಿನೀರು ಹೊಂಡ, ಆಮೇಲೆ ಊರೊಳಗಿನ ಸಂತೆ ಹೊಂಡ. ಒಂದು ತುಂಬಿದರೆ ಇನ್ನೊಂದಕ್ಕೆ ಹರಿಯುವ ಹಾಗೆ ಹಿಂದಿನವರು ಮಾಡಿಟ್ಟಿದ್ದಾರೆ. ಕೇಳಿ ಗೊತ್ತಿತ್ತು, ಕಣ್ಣಾರೆ ಕಂಡಿದ್ದು ನಿನ್ನೆಯೇ. ಬಂಡೆ ಸಂದಿಯಲ್ಲಿ ಎರಡು ಬೆರಳಗಲದ ನೀರು, ಪಕ್ಕದಲ್ಲಿ ಹಸಿರು ಪಾಚಿ. ಒಬ್ಬ ಹುಡುಗಿ ಅದರಲ್ಲಿ ಎಲೆ ಬಿಟ್ಟಳು. ಎಲೆಯ ಹಿಂದೆ ಅವಳು, ಅವಳ ಹಿಂದೆ ನಾವೆಲ್ಲ. ಎಲೆ ಕಲ್ಲಿಗೆ ಸಿಕ್ಕಿಕೊಂಡಾಗ ಎಲ್ಲರೂ ಬಗ್ಗಿ ಊದಿದ್ದೇ ಊದಿದ್ದು! ಅಷ್ಟು ನಕ್ಕು ಎಷ್ಟು ದಿನವಾಗಿತ್ತೋ.

ಕಾಡಿಗೆ ಅಂತ ಕಟ್ಟಿದ್ದ ರೊಟ್ಟಿ, ಶೇಂಗಾ ಚಟ್ನಿಯನ್ನು ಕಲ್ಲಿನ ಮಂಟಪದಲ್ಲಿ ಕೂತು ತಿಂದೆವು. ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ.

ಬರುವ ಭಾನುವಾರ ಬೆಳಿಗ್ಗೆ 6.30ಕ್ಕೆ ಸಂತೆ ಹೊಂಡದ ಹತ್ತಿರ ಸೇರೋಣ. ಈ ಸಲ ಕೆಳಗಿನಿಂದ ನೀರಿನ ದಾರಿ ಹಿಡಿದು ಮೇಲೆ ಹೋಗುವುದು. ಕಲ್ಲು ಜಾರುತ್ತದೆ, ಹಿಡಿತ ಇರುವ ಚಪ್ಪಲಿ ಹಾಕಿಕೊಂಡು ಬನ್ನಿ. ಗಾಡಿಯ ಮುಂಗಡ ವಾಪಸ್ ಬಂದಿದೆ, ಅಲ್ಲೇ ಕೊಡುತ್ತೇನೆ.