ನಷ್ಟಕ್ಕೂ ತೆರಿಗೆ, ಲಾಭಕ್ಕೂ ತೆರಿಗೆ

ಮಾನ್ಯರೇ,

ಸಂಬಳದಲ್ಲಿ ತಿಂಗಳಿಗಿಷ್ಟು ಎಂದು ಉಳಿಸಿ ಷೇರು ಕೊಳ್ಳುತ್ತಾ ಬಂದವನು ನಾನು. ಮೊನ್ನೆ ಮಗಳ ಕಾಲೇಜು ಶುಲ್ಕ ಕಟ್ಟಲು 200 ಷೇರುಗಳನ್ನು ನಷ್ಟದಲ್ಲೇ ಮಾರಬೇಕಾಯಿತು. ಸಂಜೆ ಬಂದ ಕಾಂಟ್ರ್ಯಾಕ್ಟ್ ನೋಟ್ (ಬ್ರೋಕರ್ ಕಳಿಸುವ ವಹಿವಾಟಿನ ಲೆಕ್ಕಪತ್ರ) ತೆರೆದರೆ ಎಸ್‌ಟಿಟಿ, ಅಂದರೆ ಷೇರು ವಹಿವಾಟು ತೆರಿಗೆ, ಎಂಬ ಸಾಲು ಎಂದಿನಂತೆ ಕೂತಿತ್ತು. ಕೊಳ್ಳುವಾಗ ಶೇ 0.1, ಮಾರುವಾಗ ಮತ್ತೆ ಶೇ 0.1. ಅಸಲೇ ಕರಗಿದ್ದರೂ ಅದು ಬಿಡುವುದಿಲ್ಲ.

2004ರಲ್ಲಿ ಈ ವಹಿವಾಟು ತೆರಿಗೆ ತಂದಾಗ ಷೇರುಗಳ ದೀರ್ಘಾವಧಿ ಲಾಭದ ಮೇಲಿನ ತೆರಿಗೆಯನ್ನು ಕೈಬಿಟ್ಟಿದ್ದರು. ಅದು ಒಪ್ಪುವ ಮಾತು. 2018ರ ಬಜೆಟ್‌ನಲ್ಲಿ ಲಾಭದ ತೆರಿಗೆ ಶೇ 10ರ ದರದಲ್ಲಿ ಮರಳಿತು, 2024ರಲ್ಲಿ ಶೇ 12.5 ಆಯಿತು. ವಿನಾಯಿತಿ ಮಿತಿಯನ್ನು 1 ಲಕ್ಷದಿಂದ 1.25 ಲಕ್ಷ ರೂಪಾಯಿಗೆ ಏರಿಸಿದ್ದು ನಿಜ. ಆದರೆ ವಹಿವಾಟು ತೆರಿಗೆ ಮಾತ್ರ ಹೋಗಲೇ ಇಲ್ಲ.

ಮುಂದಿನ ಬೆಲೆಯನ್ನು ಊಹಿಸಿ ಮಾಡುವ ಫ್ಯೂಚರ್ಸ್, ಆಪ್ಷನ್ಸ್ ವಹಿವಾಟಿಗೆ ಇನ್ನಷ್ಟು ತೆರಿಗೆ ಹಾಕಲಿ, ನನ್ನ ತಕರಾರಿಲ್ಲ. ಅಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಹಣ ಕಳೆದುಕೊಳ್ಳುತ್ತಾರೆಂದು ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿಯ ಅಧ್ಯಯನವೇ ಹೇಳಿದೆ. ಒಳ್ಳೆಯ ಕಂಪನಿ ಹುಡುಕಿ ವರ್ಷಗಟ್ಟಲೆ ಷೇರು ಇಟ್ಟುಕೊಳ್ಳುವವರನ್ನೂ ಅದೇ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ಕನಿಷ್ಠ ಮೂರು ವರ್ಷ ಇಟ್ಟುಕೊಂಡ ಷೇರುಗಳಿಗೆ ಎರಡರಲ್ಲಿ ಒಂದು ತೆರಿಗೆಯನ್ನಾದರೂ ಹಣಕಾಸು ಸಚಿವಾಲಯ ಮುಂದಿನ ಬಜೆಟ್‌ನಲ್ಲಿ ತೆಗೆಯಲಿ.

– ಓದುಗ, ಶಿವಮೊಗ್ಗ