ಒಂದೇ ಕೋಣೆಯ ಮನೆಗೆ ಹೋದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಬಂತು. ಕೊನೆಗೂ ನಿನ್ನದೇ ಒಂದು ಬಾಗಿಲು, ನಿನ್ನದೇ ಒಂದು ಕೀಲಿ ಅಂತ ಓದಿ ತುಂಬಾ ಖುಷಿಯಾಯಿತು. ಆದರೆ ಅದರ ಕೆಳಗೆ ನೀನು ಬರೆದ ಪಟ್ಟಿ ನೋಡಿ ಎದೆ ಧಸಕ್ಕೆಂದಿತು. ಡಬಲ್ ಮಂಚ, ಮೂರು ಜನ ಕೂರುವ ಸೋಫಾ, ಊಟದ ಮೇಜು, ಓದುವ ಮೇಜು, ಬೀರು, ಪುಸ್ತಕದ ಕಪಾಟು. ಇಷ್ಟನ್ನೂ ಈ ಭಾನುವಾರವೇ ತಂದುಬಿಡುತ್ತೇನೆ ಅಂದಿದ್ದೀಯ. ದಯವಿಟ್ಟು ಬೇಡ ಕಣೋ. ಒಂದು ವಾರ ತಡೆ. ನೆಲದ ಮೇಲೆ ಒಂದು ಹಾಸಿಗೆ ಹಾಕಿಕೊಂಡು ಬರೀ ಕೋಣೆಯಲ್ಲಿ ಇದ್ದು ನೋಡು. ಬೆಳಕು ಎಲ್ಲಿ ಬೀಳುತ್ತದೆ, ಪ್ಲಗ್ಗು ಎಲ್ಲಿದೆ, ಹೊರಗಿನಿಂದ ಬಂದ ತಕ್ಷಣ ಕೈಲಿದ್ದ ಚೀಲವನ್ನು ನೀನು ಎಲ್ಲಿ ಇಳಿಸುತ್ತೀಯ, ಇವೆಲ್ಲ ಆ ಒಂದು ವಾರದಲ್ಲಿ ತಾನಾಗಿ ಗೊತ್ತಾಗುತ್ತವೆ.

ಕೋಣೆ 18 ಅಡಿ ಉದ್ದ, 12 ಅಡಿ ಅಗಲ ಅಂತ ಬರೆದಿದ್ದೀಯ. ಅಂದರೆ 216 ಚದರ ಅಡಿ. ಆರೂಕಾಲು ಅಡಿ ಉದ್ದ, 5 ಅಡಿ ಅಗಲದ ಮಂಚ ಅದರಲ್ಲಿ ಏಳನೇ ಒಂದು ಪಾಲು ತಿನ್ನುತ್ತದೆ. ಅಷ್ಟೇ ತಾನೇ ಅನ್ನಿಸಬಹುದು. ಆದರೆ ಮಂಚದ ಒಂದು ಪಕ್ಕ ಮತ್ತು ಕಾಲ ಕಡೆ ಓಡಾಡಲು ಎರಡೆರಡು ಅಡಿ ಬಿಡಲೇಬೇಕಲ್ವಾ? ಅದನ್ನೂ ಸೇರಿಸಿದರೆ ಕಾಲು ಭಾಗಕ್ಕಿಂತ ಜಾಸ್ತಿ ಮನೆ ಮಲಗುವುದಕ್ಕೇ ಹೋಯಿತು. ಸಾಮಾನಿನ ಅಳತೆ ಒಂದಾದರೆ, ಅದು ಬೇಡುವ ಜಾಗವೇ ಇನ್ನೊಂದು. ಅಂಗಡಿಯಲ್ಲಿ ನಮಗೆ ಹೇಳುವುದು ಮೊದಲನೆಯದನ್ನು ಮಾತ್ರ.

ಅದಕ್ಕೇ ಹಳೇ ಪೇಪರ್ ಸೇರಿಸಿಡು. ನಿನ್ನ ಪಟ್ಟಿಯ ಒಂದೊಂದು ಸಾಮಾನಿಗೂ ಅದರದೇ ಅಳತೆಗೆ ಹಾಳೆಗಳನ್ನು ಜೋಡಿಸಿ, ಟೇಪು ಹಚ್ಚಿ ನೆಲಕ್ಕೆ ಅಂಟಿಸು. ಮಂಚದ ಜಾಗ ಇದು, ಬೀರುವಿನ ಜಾಗ ಇದು, ಬೀರುವಿನ ಬಾಗಿಲು ತೆರೆದಾಗ ಸುತ್ತುವ ಜಾಗ ಇದು. ಆ ಬಾಗಿಲನ್ನು ಎಲ್ಲರೂ ಮರೆಯುತ್ತಾರೆ. ಎರಡೂವರೆ ಅಡಿ ಅಗಲದ ಬಾಗಿಲೊಂದು ಪೂರ್ತಿ ತೆರೆಯಬೇಕಾದರೆ ಹತ್ತಿರ ಹತ್ತಿರ 5 ಚದರ ಅಡಿ ನೆಲ ಸದಾ ಖಾಲಿ ಇರಬೇಕು. ಬೀರುವಿಗೆ ಜಾರುವ ಬಾಗಿಲು ಹಾಕಿಸಿದರೆ, ಇಲ್ಲವೇ ಸುಮ್ನೆ ಒಂದು ಪರದೆ ಬಿಟ್ಟರೆ, ಆ 5 ಚದರ ಅಡಿ ನಿನಗೆ ವಾಪಸ್ ಸಿಗುತ್ತದೆ.

ಈಗ ನನ್ನ ಕಥೆ ಹೇಳುತ್ತೇನೆ. ನಾನೂ ಮೊದಲ ಸಲ ಒಂಟಿ ಕೋಣೆಗೆ ಹೋದಾಗ ಸೋಫಾ ಕಮ್ ಬೆಡ್ ಕೊಂಡಿದ್ದೆ. ಹಗಲು ಸೋಫಾ, ರಾತ್ರಿ ಮಂಚ, ಇನ್ನೇನು ಬೇಕು ಅಂದುಕೊಂಡಿದ್ದೆ. ಅದು ಮುಂದಕ್ಕೆ ಎಳೆಯುವ ಥರದ್ದು. ಎಳೆಯಬೇಕಾದರೆ ಎದುರಿನ ಟೀಪಾಯಿ ಸರಿಸಬೇಕು. ಟೀಪಾಯಿ ಸರಿಸಬೇಕಾದರೆ ಅದರ ಮೇಲಿನ ಲ್ಯಾಪ್‌ಟಾಪ್, ಪುಸ್ತಕ ಎತ್ತಬೇಕು. ಎತ್ತಿದ್ದನ್ನು ಕುರ್ಚಿಯ ಮೇಲಿಡಬೇಕು. ಸೋಫಾದ ದಿಂಬುಗಳನ್ನು ಮೂಲೆಗೆ ಒಟ್ಟಬೇಕು, ಬೀರುವಿನ ಮೇಲಿಂದ ಹೊದಿಕೆ ಇಳಿಸಬೇಕು. ಬೆಳಗ್ಗೆ ಮತ್ತೆ ಇದನ್ನೆಲ್ಲ ಉಲ್ಟಾ ಮಾಡಬೇಕು. ಮೂರು ವಾರ ಮಾಡಿದೆ. ಆಮೇಲೆ ಒಂದು ದಿನ ಸುಸ್ತಾಗಿ ಹಾಗೇ ಬಿಟ್ಟೆ. ಅಲ್ಲಿಂದ ಎಂಟು ತಿಂಗಳು ಅದು ಮಂಚವಾಗಿಯೇ ಉಳಿಯಿತು. ಊಟ ಅದರ ಮೇಲೆ, ಕೆಲಸ ಅದರ ಮೇಲೆ, ಫೋನು ಅದರ ಮೇಲೆ. ಬೆನ್ನು ನೋವು ಶುರುವಾಯಿತು. ಮನೆಗೆ ಬಂದವರನ್ನು ಹಾಸಿಗೆ ಮೇಲೆ ಕೂರಿಸಲು ಮುಜುಗರವಾಗಿ, ಯಾರನ್ನೂ ಕರೆಯುವುದನ್ನೇ ನಿಲ್ಲಿಸಿದೆ. ಜಾಗ ಉಳಿಸಲು ತಂದ ಸಾಮಾನು ಜನರನ್ನೇ ದೂರ ಮಾಡಿತು. ಆ ತಿಂಗಳುಗಳ ಒಂಟಿತನ ನಿನಗೆ ಬೇಡ ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಅಲ್ಲಿಂದ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದನ್ನು ಬಿಚ್ಚುವ ಮೊದಲು ಇನ್ನೊಂದು ಸಾಮಾನು ಸರಿಸಬೇಕಾ? ಹೌದಾದರೆ, ದಿನವೂ ಬಳಸುವ ಸಾಮಾನಾಗಿ ಅದು ನನಗೆ ಬೇಡ. ಒಬ್ಬನೇ, ಒಂದು ನಿಮಿಷದೊಳಗೆ, ನಿದ್ದೆಗಣ್ಣಲ್ಲೂ ಮಾಡುವಂತಿರಬೇಕು. ಅಂಗಡಿಯಲ್ಲೇ ನಿಂತು ನಾಲ್ಕು ಸಲ ಬಿಚ್ಚಿ ಮಡಚಿ ನೋಡು. ನಾಲ್ಕನೇ ಸಲ ಬೇಜಾರಾದರೆ ಮನೆಯಲ್ಲೂ ಆಗುತ್ತದೆ.

ಗೋಡೆಗೆ ಮಡಚುವ ಮಂಚ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಅದಕ್ಕೆ ಮರ್ಫಿ ಬೆಡ್ ಅನ್ನುವ ಹೆಸರು ಬಂದಿದ್ದು ವಿಲಿಯಂ ಮರ್ಫಿ ಎಂಬಾತನಿಂದ. ನೂರು ವರ್ಷಕ್ಕೂ ಹಿಂದೆ ಆತ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಿನ್ನ ಹಾಗೆಯೇ ಒಂದೇ ಕೋಣೆಯಲ್ಲಿದ್ದ. ನೆಲವನ್ನೆಲ್ಲ ಮಂಚವೇ ನುಂಗಿತ್ತು. ಹಗಲು ಅದನ್ನು ಎತ್ತಿ ಗೋಡೆಯ ಗೂಡಿಗೆ ಸೇರಿಸುವ ಉಪಾಯ ಹುಡುಕಿದ. ಆ ಹೆಸರು ಎಷ್ಟು ಬಳಕೆಗೆ ಬಂತೆಂದರೆ, 1989ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಇದು ಒಂದು ಕಂಪನಿಯ ಗುರುತಾಗಿ ಉಳಿದಿಲ್ಲ, ಎಲ್ಲರ ಮಾತಾಗಿದೆ ಅಂತ ತೀರ್ಪು ಕೊಟ್ಟಿತು.

ಇದರಲ್ಲಿ ನನಗೆ ಇಷ್ಟವಾಗುವುದು ಹಾಸಿಗೆ, ಹೊದಿಕೆ ಎಲ್ಲ ಪಟ್ಟಿ ಬಿಗಿದು ಹಾಗೇ ಒಳಗೆ ಹೋಗುವುದು. ಸುತ್ತಿ ಎತ್ತಿಡುವ ಕೆಲಸವಿಲ್ಲ. ಭಾರವನ್ನು ಸ್ಪ್ರಿಂಗು ಅಥವಾ ಗ್ಯಾಸ್ ಪಿಸ್ಟನ್ ಹೊರುತ್ತದೆ. ಆದರೆ ಎರಡು ಮಾತು ನೆನಪಿಡು. ಹಾಸಿಗೆಯ ತೂಕಕ್ಕೆ ಪಿಸ್ಟನ್ ಹೊಂದಬೇಕು. ಹಾಸಿಗೆ ತೀರಾ ಹಗುರವಾದರೆ ಮಂಚ ಕೆಳಗೆ ನಿಲ್ಲುವುದಿಲ್ಲ, ತೀರಾ ಭಾರವಾದರೆ ಧೊಪ್ಪನೆ ಬೀಳುತ್ತದೆ. ಇನ್ನೊಂದು, ಗೋಡೆ. ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆಯಾದರೆ ಗಟ್ಟಿ ಬೋಲ್ಟು ಹಾಕಿಸು. ಜಿಪ್ಸಂ ಹಲಗೆಯ ಗೋಡೆಯಾದರೆ ಒಳಗಿನ ಚೌಕಟ್ಟಿಗೇ ಬಿಗಿಯಬೇಕು, ಬರೀ ಹಲಗೆ ಆ ಭಾರ ತಡೆಯುವುದಿಲ್ಲ. ಇದನ್ನು ಕಲಿತವರ ಕೈಲೇ ಮಾಡಿಸು, ಇದರಲ್ಲಿ ಮಾತ್ರ ಉಳಿತಾಯ ನೋಡಬೇಡ. ಮಂಚ ಇಳಿಯುವ 7 ಅಡಿ ನೆಲದಲ್ಲಿ ಚಕ್ರ ಇರುವ ಹಗುರ ಸಾಮಾನು ಬಿಟ್ಟು ಬೇರೇನೂ ಇಡಬೇಡ. ಇಟ್ಟರೆ ಮತ್ತೆ ನನ್ನ ಟೀಪಾಯಿ ಕಥೆಯೇ.

ಬಾಡಿಗೆ ಮನೆ, ಗೋಡೆ ಕೊರೆಯಲು ಮಾಲೀಕರು ಒಪ್ಪುವುದಿಲ್ಲ ಅಂದರೆ, ನನ್ನ ಮುಂದಿನ ಆಯ್ಕೆ ಒಬ್ಬರು ಮಲಗುವ ಮೂರಡಿ ಅಗಲದ ಮಂಚ, ಅಡಿಯಲ್ಲಿ ಡ್ರಾಯರ್. ಗೋಡೆಗೆ ಉದ್ದಕ್ಕೆ ತಾಗಿಸಿ, ಹಿಂದೆ ಮೂರು ದೊಡ್ಡ ದಿಂಬು ಒರಗಿಸಿದರೆ ಹಗಲು ಅದೇ ದಿವಾನ. ಏನೂ ಮಡಚಬೇಕಿಲ್ಲ. ಹಾಸಿಗೆಯನ್ನೇ ಮೇಲೆತ್ತುವ ಹೈಡ್ರಾಲಿಕ್ ಮಂಚದಲ್ಲಿ ಜಾಗ ಜಾಸ್ತಿ, ನಿಜ. ಆದರೆ ದಿನದ ಬಟ್ಟೆಗೆ ಅದು ಆಗಿಬರುವುದಿಲ್ಲ. ವರ್ಷಕ್ಕೆ ಎರಡು ಸಲ ಬೇಕಾಗುವ ಸ್ವೆಟರು, ಕಂಬಳಿ, ಸೂಟ್‌ಕೇಸಿಗೆ ಸರಿ.

ಅಟ್ಟದ ಮಂಚದ ಬಗ್ಗೆಯೂ ಕೇಳಿದ್ದೀಯ. ಸೂರಿನ ಎತ್ತರ ಅಳೆದು ಹೇಳು. ಮೇಲೆ ಎದ್ದು ಕೂತರೆ ತಲೆ ತಾಗಬಾರದು, ಅದಕ್ಕೆ 3 ಅಡಿ ಬೇಕು. ಹಾಸಿಗೆ, ಹಲಗೆ ಸೇರಿ ಇನ್ನೊಂದು ಅಡಿ. ಸೂರು 9 ಅಡಿಯಿದ್ದರೆ ಕೆಳಗೆ ಉಳಿಯುವುದು 5 ಅಡಿ. ಅಲ್ಲಿ ಕೂತು ಕೆಲಸ ಮಾಡಬಹುದು, ನಿಲ್ಲಲಾಗುವುದಿಲ್ಲ. ಬಿಸಿ ಗಾಳಿ ಮೇಲೇ ಸೇರುವುದರಿಂದ ಸೆಖೆಗೆ ನಿದ್ದೆಯೂ ಕಷ್ಟ. ರಾತ್ರಿ ಏಣಿ ಇಳಿಯುವುದು ಬೇರೆ. ನಿನಗೆ ಅದು ಬೇಡ ಅನ್ನಿಸುತ್ತದೆ ನನಗೆ.

ಮೇಜಿನ ವಿಷಯಕ್ಕೆ ಬಂದರೆ, ನನ್ನ ಈಗಿನ ಮನೆಯ ಮೇಜನ್ನು ನಿನಗೆ ತೋರಿಸಬೇಕು. ಕಿಟಕಿ ಪಕ್ಕದ ಗೋಡೆಯಲ್ಲಿ ಐದು ಇಂಚು ಆಳದ ಒಂದು ಪೆಟ್ಟಿಗೆ. ಅದರ ಮುಚ್ಚಳವೇ ಮೇಜು. ಕೆಳಗೆ ಮೂರು ಹಿಂಜು, ಎರಡು ಕಡೆ ಮಡಚುವ ಸಲಾಕೆ. ಮೇಲಿನ ಚಿಲಕ ತೆಗೆದು ಹಲಗೆಯನ್ನು ಕೈಯಲ್ಲಿ ಹಿಡಿದು ಇಳಿಸಿದರೆ, ಸಲಾಕೆ ಟಕ್ ಅಂತ ಕೂರುತ್ತದೆ. ನೆಲದಿಂದ 29 ಇಂಚು ಎತ್ತರ. ಒಳಗೆ ಪೆನ್ನು, ಚಾರ್ಜರು, ಪುಟ್ಟ ದೀಪ, ನಿಲ್ಲಿಸಿಟ್ಟ ಲ್ಯಾಪ್‌ಟಾಪ್. ಮೇಜು ತೆರೆದ ಕ್ಷಣವೇ ಎಲ್ಲವೂ ಕಣ್ಣೆದುರು. ಮುಚ್ಚುವಾಗ ಲ್ಯಾಪ್‌ಟಾಪ್ ಒಳಗೆ ಸೇರಿಸಿದರೆ ಮುಗಿಯಿತು. ಬರೀ ಹಲಗೆ ಮಡಚುವಂತೆ ಮಾಡಿಸಿ ಒಳಗೆ ಈ ಐದು ಇಂಚು ಬಿಡದಿದ್ದರೆ, ಮೇಲಿನ ಸಾಮಾನು ಎಲ್ಲಿಡುವುದು ಗೊತ್ತಾಗದೆ ಮೇಜು ತೆರೆದೇ ಇರುತ್ತಿತ್ತು. ಸಂಜೆ ಅದನ್ನು ಮುಚ್ಚಿದಾಗ ಆಫೀಸು ಮುಗಿಯಿತು ಅಂತ ಮನಸ್ಸಿಗೂ ಗೊತ್ತಾಗುತ್ತದೆ. ಒಂದೇ ಕೋಣೆಯಲ್ಲಿ ಇರುವವರಿಗೆ ಅದು ಎಷ್ಟು ಮುಖ್ಯ ಅಂತ ನಿನಗೆ ಸ್ವಲ್ಪ ದಿನದಲ್ಲೇ ತಿಳಿಯುತ್ತದೆ.

ಈ ಥರ ಕೈಗೆಟುಕುವ ಲೆಕ್ಕ ಹಾಕಿದವರಲ್ಲಿ ನನಗೆ ಬಹಳ ಗೌರವ ಇರುವುದು ಮಾರ್ಗರೆಟೆ ಶುಟ್ಟೆ ಲಿಹೊಟ್ಸ್ಕಿ ಅವರ ಮೇಲೆ. ವಿಯೆನ್ನಾದ ಆರ್ಕಿಟೆಕ್ಟ್. 1926ರಲ್ಲಿ ಫ್ರಾಂಕ್‌ಫರ್ಟ್‌ನ ಹೊಸ ವಸತಿಗಳಿಗೆಂದು ಅವರು ಮಾಡಿಕೊಟ್ಟ ಅಡುಗೆಮನೆ 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ಕೆಲಸ ಮಾಡುವವರು ಎಷ್ಟು ಹೆಜ್ಜೆ ಹಾಕುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಎಣಿಸಿ ಅದನ್ನು ರೂಪಿಸಿದರು. ರೈಲಿನ ಊಟದ ಬೋಗಿಯ ಪುಟ್ಟ ಅಡುಗೆಮನೆಯೂ ಅವರಿಗೆ ಮಾದರಿಯಾಗಿತ್ತು. ಗೋಡೆಗೆ ಮಡಚುವ ಇಸ್ತ್ರಿ ಹಲಗೆ, ಸೂರಿನ ಕಂಬಿಯ ಮೇಲೆ ಬೇಕಾದ ಕಡೆ ಜಾರಿಸುವ ದೀಪ, ಕೂತೇ ಕೆಲಸ ಮಾಡಲು ತಿರುಗುವ ಸ್ಟೂಲು, ಎಲ್ಲ ಅದರಲ್ಲಿತ್ತು. ಸುಮಾರು 10,000 ಮನೆಗಳಿಗೆ ಅದನ್ನು ಕೂರಿಸಿದರು. ನಿನ್ನ ಅಡುಗೆ ಮೂಲೆಯಲ್ಲೂ ಒಮ್ಮೆ ನಿಂತು ಹೆಜ್ಜೆ ಎಣಿಸು.

ಗೋಡೆಗಳನ್ನು ಮೇಲಿನವರೆಗೂ ಬಳಸು. ಬಾಗಿಲ ತಲೆಯ ಮೇಲಿನ ಜಾಗ ಎಲ್ಲರ ಮನೆಯಲ್ಲೂ ಸುಮ್ಮನೆ ಇರುತ್ತದೆ. ಅಲ್ಲಿ ಒಂದಡಿ ಆಳದ ಹಲಗೆ ಹಾಕಿದರೆ ಅಪರೂಪದ ಸಾಮಾನೆಲ್ಲ ಹೋಗುತ್ತದೆ. ಪುಸ್ತಕಕ್ಕೆ ಎಂಟು ಹತ್ತು ಇಂಚು ಆಳ ಸಾಕು, ಅದಕ್ಕಿಂತ ಆಳವಾದರೆ ಮುಂದೆ ಇನ್ನೊಂದು ಸಾಲು ಸೇರಿ ಗಿಜಿಗಿಜಿ ಆಗುತ್ತದೆ. ಬಟ್ಟೆ ಬೀರುವಿಗೆ ಮಾತ್ರ ಹ್ಯಾಂಗರಿನ ಅಗಲಕ್ಕಾಗಿ 2 ಅಡಿ ಬೇಕೇ ಬೇಕು. ಎತ್ತರದ ಕಪಾಟು ಯಾವುದೇ ಇರಲಿ, ಗೋಡೆಗೆ ಕಟ್ಟಿ ನಿಲ್ಲಿಸು. ಮಗುವೊಂದು ಮನೆಗೆ ಬಂದು ಡ್ರಾಯರ್ ಹಿಡಿದು ಹತ್ತಿದರೆ ಇಡೀ ಕಪಾಟೇ ಮಗುಚುತ್ತದೆ.

ಮಲಗುವ ಕಡೆಗೂ ಕೂರುವ ಕಡೆಗೂ ನಡುವೆ ಗೋಡೆ ಎಬ್ಬಿಸಬೇಡ, ಅರ್ಧ ಮನೆಗೆ ಕತ್ತಲಾಗುತ್ತದೆ. ಎದೆಮಟ್ಟದ, ಎರಡೂ ಕಡೆ ತೆರೆದ ಕಪಾಟು ಸಾಕು, ಇಲ್ಲವೇ ಸೂರಿನಿಂದ ಇಳಿಬಿಟ್ಟ ಪರದೆ. ಕನ್ನಡಿಯನ್ನು ಕಿಟಕಿಯ ಎದುರು ಹಾಕು.

ಹಾಂಗ್‌ಕಾಂಗ್‌ನ ಗ್ಯಾರಿ ಚಾಂಗ್ ಅವರ ಮನೆಯ ವಿಡಿಯೋ ಕಳಿಸಿ ಇಂಥದ್ದೇ ಬೇಕು ಅಂದಿದ್ದೀಯ. 32 ಚದರ ಮೀಟರ್ ಮನೆ, ಕಂಬಿಯ ಮೇಲೆ ಜಾರುವ ಗೋಡೆಗಳು, 24 ಬಗೆಯ ಜೋಡಣೆ. ನನಗೂ ಅದು ತುಂಬಾ ಇಷ್ಟ. ಆದರೆ ಅವರು ಆರ್ಕಿಟೆಕ್ಟ್. ಹದಿನಾಲ್ಕನೇ ವಯಸ್ಸಿನಿಂದ, ಅಪ್ಪ ಅಮ್ಮ ಮೂವರು ತಂಗಿಯರ ಜೊತೆ, ಅದೇ ಮನೆಯಲ್ಲಿ ಬೆಳೆದವರು. ಮತ್ತೆ ಮತ್ತೆ ಬದಲಾಯಿಸಿ, ದಶಕಗಳ ನಂತರ ಅಲ್ಲಿಗೆ ಬಂದು ಮುಟ್ಟಿದರು. ನಿನ್ನ ಕೈಗೆ ಕೀಲಿ ಬಂದು ಇನ್ನೂ ಹತ್ತು ದಿನವಾಗಿಲ್ಲ.

ಸೋಫಾ ಸದ್ಯಕ್ಕೆ ಬಿಡು. ಒಂದರೊಳಗೊಂದು ಕೂರುವ ಮೂರು ಸ್ಟೂಲು ತಗೋ, ನಾನು ಬಂದಾಗ ಕೂರಲು ಅಷ್ಟು ಸಾಕು. ಏನೇ ಕೊಳ್ಳುವ ಮೊದಲೂ ಮೆಟ್ಟಿಲಿನ ತಿರುವು ಮತ್ತು ಲಿಫ್ಟಿನ ಬಾಗಿಲು ಅಳೆದುಕೋ. ಮತ್ತೆ ಇವತ್ತೇ ಪೇಪರ್ ಹಾಸು. ರಾತ್ರಿ ದೀಪ ಆರಿಸಿ, ಹಾಸಿಗೆಯಿಂದ ಬಚ್ಚಲಿಗೆ ಎರಡು ಮೂರು ಸಲ ಓಡಾಡು. ಬೆಳಗ್ಗೆ ಎದ್ದು ಯಾವ ಹಾಳೆ ಕಾಲಿಗೆ ಸಿಕ್ಕಿ ಹರಿದಿದೆ ಅಂತ ನೋಡಿ ನನಗೆ ಬರೆ.

ನಿನ್ನ ಗೆಳೆಯ