ಎಲ್ಲಿಯವರೆಗೆ ಹುಡುಕಿದ್ದು?

ರಾಯಚೂರು

ಪ್ರಿಯ ತಂಗಿ,

ನಿನ್ನ ಲೇಖನ ಓದಿದೆ. ಮೊದಲರ್ಧ ಭಾಗಲಬ್ಧ ಬಿಂದುಗಳ (ಎರಡೂ ನಿರ್ದೇಶಾಂಕಗಳು ಪೂರ್ಣಾಂಕ ಅಥವಾ ಭಿನ್ನರಾಶಿ ಆಗಿರುವ ಬಿಂದುಗಳ) ಬಗ್ಗೆ, ಉಳಿದರ್ಧ ನಿನ್ನ ಪ್ರಯೋಗಾಲಯದ ಭತ್ತದ ಜೀನ್‌ಗಳ ಬಗ್ಗೆ. ನಡುವೆ ಎರಡನ್ನೂ ಹೊಂದಿಸಲು ಒಂದು ವಾಕ್ಯ: ‘ಗಣಿತಜ್ಞರದೂ ಜೀವವಿಜ್ಞಾನಿಗಳದೂ ಒಂದೇ ಹುಡುಕಾಟ.’ ನನ್ನ ತಕರಾರು ಆ ವಾಕ್ಯದ ಮೇಲೆ. ಹುಡುಕುವವರು ಇಬ್ಬರೂ ಹೌದು. ಆದರೆ ಹುಡುಕಿ ಬರಿಗೈಯಲ್ಲಿ ಮರಳಿದಾಗ ಒಬ್ಬರು ಹೇಳಬಹುದಾದ ಮಾತನ್ನು ಇನ್ನೊಬ್ಬರು ಹೇಳುವಂತಿಲ್ಲ. ಲೇಖನದ ಜೀವ ಇರುವುದು ಅಲ್ಲಿ, ನೀನು ಅದನ್ನೇ ದಾಟಿಕೊಂಡು ಹೋಗಿದ್ದೀಯ.

ವೃತ್ತದ ಭಾಗ ಚೆನ್ನಾಗಿ ಬಂದಿದೆ. ಮೂಲಬಿಂದುವನ್ನು ಕೇಂದ್ರವಾಗಿಟ್ಟ, ತ್ರಿಜ್ಯ 1 ಇರುವ ವೃತ್ತದ ಎಡತುದಿಯಿಂದ ಇಳಿಜಾರು 1/2 ಇರುವ ರೇಖೆ ಎಳೆದರೆ ಅದು ವೃತ್ತವನ್ನು (3/5, 4/5) ಬಿಂದುವಿನಲ್ಲಿ ಮುಟ್ಟುತ್ತದೆ. ಇಳಿಜಾರು 2/3 ಆದರೆ (5/13, 12/13). ಭಿನ್ನರಾಶಿ ಬದಲಿಸುತ್ತಾ ಹೋದಂತೆ ಹೊಸ ಬಿಂದುಗಳು ಸಿಗುತ್ತಲೇ ಇರುತ್ತವೆ. ಶಾಲೆಯಲ್ಲಿ ಪೈಥಾಗೊರಸ್ ಪ್ರಮೇಯ ಓದಿದ ಯಾರಿಗಾದರೂ ಇದು ತಿಳಿಯುತ್ತದೆ, ತಿಳಿದಾಗ ಸಂತೋಷವೂ ಆಗುತ್ತದೆ. ಅದರ ಬೆನ್ನಿಗೇ ‘ತ್ರಿಜ್ಯದ ವರ್ಗ 3 ಇರುವ ವೃತ್ತದ ಮೇಲೆ ಇಂಥ ಒಂದು ಬಿಂದುವೂ ಇಲ್ಲ’ ಎಂದು ಬರೆದು 17ನೆಯ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾನ ಜೀವನಚರಿತ್ರೆಗೆ ಜಿಗಿದಿದ್ದೀಯಲ್ಲ, ಅಲ್ಲಿ ನಿನ್ನ ಕೈ ಹಿಡಿದು ನಿಲ್ಲಿಸಬೇಕೆನಿಸಿತು. ಹೇಗೆ ಇಲ್ಲ? ಹುಡುಕಿದವರು ಯಾರು, ಎಲ್ಲಿಯವರೆಗೆ?

ಯಾರೂ ಹುಡುಕಬೇಕಾಗಿಯೇ ಇರಲಿಲ್ಲ ಎಂಬುದು ಉತ್ತರ. ಅಂಥ ಬಿಂದು ಇದ್ದಿದ್ದರೆ, ಛೇದಗಳನ್ನು ತೆಗೆದ ಮೇಲೆ ಅ² + ಬ² = 3ಕ² ಆಗುವ ಮೂರು ಪೂರ್ಣಾಂಕಗಳು ಸಿಗಬೇಕು. ಮೂರಕ್ಕೂ ಸಾಮಾನ್ಯ ಅಪವರ್ತನವಿದ್ದರೆ ಮೊದಲೇ ಭಾಗಿಸಿ ತೆಗೆದುಬಿಡೋಣ. ಯಾವ ವರ್ಗಸಂಖ್ಯೆಯನ್ನು 3ರಿಂದ ಭಾಗಿಸಿದರೂ ಶೇಷ 0 ಅಥವಾ 1 ಮಾತ್ರ; 2 ಬರುವುದೇ ಇಲ್ಲ. ಆದ್ದರಿಂದ ಎಡಬದಿಯ ಮೊತ್ತ 3ರಿಂದ ಭಾಗವಾಗಬೇಕಾದರೆ ಅ, ಬ ಎರಡೂ 3ರ ಗುಣಕಗಳಾಗಿರಲೇಬೇಕು. ಆಗ ಎಡಬದಿ 9ರಿಂದಲೂ ಭಾಗವಾಗುತ್ತದೆ, ಅಂದರೆ ಕ ಕೂಡ 3ರ ಗುಣಕ. ಸಾಮಾನ್ಯ ಅಪವರ್ತನ ತೆಗೆದಾಗಿದೆ ಎಂದು ಹೊರಟವರು ಮತ್ತೆ 3ಕ್ಕೇ ಬಂದು ಸಿಕ್ಕಿಕೊಂಡೆವು. ಮುಗಿಯಿತು. ನಾಳೆ ಎಂಥ ಕಂಪ್ಯೂಟರ್ ಬಂದರೂ ಈ ಮಾತು ಅಲುಗಾಡುವುದಿಲ್ಲ. ಇದನ್ನು ಲೇಖನದಲ್ಲಿ ಪೂರ್ತಿಯಾಗಿ ಹಾಕು. ಸಂಪಾದಕರು ಸಮೀಕರಣ ಕಂಡರೆ ಹೆದರುತ್ತಾರೆ, ನಿಜ. ಓದುಗರು ಅಷ್ಟು ಹೆದರುವುದಿಲ್ಲ. ಜಾಗ ಬೇಕಾದರೆ ಫರ್ಮಾನ ವಕೀಲಿ ವೃತ್ತಿಯ ಪ್ಯಾರಾ ತೆಗೆ.

ಬರೀ ಹುಡುಕಿ ‘ಇಲ್ಲ’ ಎಂದವರ ಗತಿ ಏನಾಗುತ್ತಿತ್ತು ಎಂಬುದಕ್ಕೂ ಒಂದು ಉದಾಹರಣೆ ಕೊಡು. ಒಂದು ಪೂರ್ಣಾಂಕದ ವರ್ಗದಿಂದ ಇನ್ನೊಂದರ ವರ್ಗದ 61 ಪಟ್ಟನ್ನು ಕಳೆದರೆ 1 ಉಳಿಯಬೇಕು, ಸೊನ್ನೆ ಬಳಸುವಂತಿಲ್ಲ. ಭಿನ್ನರಾಶಿ ನಡೆಯುತ್ತದೆ ಎಂದರೆ ನಿನ್ನ ರೇಖೆಯ ಉಪಾಯದಿಂದಲೇ ಎಷ್ಟು ಬೇಕಾದರೂ ಉತ್ತರ ಸಿಗುತ್ತವೆ. ಪೂರ್ಣಾಂಕಗಳೇ ಬೇಕೆಂದರೆ ಮಾತ್ರ ಫಜೀತಿ. ಎರಡನೆಯ ಸಂಖ್ಯೆಯನ್ನು ಇಪ್ಪತ್ತು ಕೋಟಿಯವರೆಗೆ ಒಂದೊಂದಾಗಿ ಇಟ್ಟು ನೋಡಿದವನಿಗೂ ಏನೂ ಸಿಗುವುದಿಲ್ಲ. ಮೊದಲ ಉತ್ತರ ಇರುವುದು 22,61,53,980ರಲ್ಲಿ. ಅದರ ಜೊತೆಗಾರ 176,63,19,049. ಫರ್ಮಾ 1657ರಲ್ಲಿ ಈ ಲೆಕ್ಕವನ್ನು ಯುರೋಪಿನ ಗಣಿತಜ್ಞರ ಮುಂದಿಟ್ಟ. ಭಾಸ್ಕರಾಚಾರ್ಯರು 12ನೆಯ ಶತಮಾನದಲ್ಲೇ ಚಕ್ರವಾಳ ವಿಧಾನದಿಂದ ಬಿಡಿಸಿಟ್ಟಿದ್ದರು. ಇದನ್ನು ಹೇಳುವಾಗ ಎದೆ ಉಬ್ಬಿಸಬೇಡ; ವಿಧಾನವನ್ನು ತೋರಿಸು, ಸಾಕು.

ಜರ್ಮನ್ ಗಣಿತಜ್ಞ ಫಾಲ್ಟಿಂಗ್ಸ್ 1983ರಲ್ಲಿ ಮೊರ್ಡೆಲ್ ಊಹೆಯನ್ನು ಸಾಧಿಸಿದ್ದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಇನ್ನೊಂದು ಸಾಲು ಸೇರಿಸು: ಸಾಕಷ್ಟು ಜಟಿಲವಾದ ವಕ್ರರೇಖೆಗಳ ಮೇಲೆ ಇಂಥ ಬಿಂದುಗಳು ಮಿತ ಸಂಖ್ಯೆಯಲ್ಲಿರುತ್ತವೆ ಎಂದು ಆತನ ಪ್ರಮೇಯ ಹೇಳುತ್ತದೆ, ಸಿಕ್ಕ ಪಟ್ಟಿ ಪೂರ್ತಿಯಾಯಿತೇ ಎಂದು ತಿಳಿಯುವ ದಾರಿಯನ್ನು ಹೇಳುವುದಿಲ್ಲ. ಎಲ್ಲ ವಕ್ರರೇಖೆಗಳಿಗೂ ನಡೆಯುವ ಅಂಥ ದಾರಿ ಇಂದಿಗೂ ಸಿಕ್ಕಿಲ್ಲ.

ಈಗ ನಿನ್ನ ಪ್ರಯೋಗಾಲಯಕ್ಕೆ ಬಾ. ಜೀನಿನ ಸಂದೇಶವನ್ನು ಜೀವಕೋಶ ಓದುವುದು ಮೂರು ಮೂರು ಅಕ್ಷರಗಳ ಗುಂಪುಗಳಾಗಿ; ಅವೇ 64 ಕೋಡಾನ್‌ಗಳು. ಅವುಗಳಲ್ಲಿ 61 ಕೋಡಾನ್‌ಗಳು ಪ್ರೋಟೀನಿನ ಅಮೈನೊ ಆಮ್ಲಗಳನ್ನು ಸೂಚಿಸುತ್ತವೆ, 3 ನಿಲುಗಡೆಯನ್ನು. ಈ ಪಟ್ಟಿ 1966ರ ಹೊತ್ತಿಗೆ ಪೂರ್ತಿಯಾಯಿತು, ಎಲ್ಲ ಜೀವಿಗಳಿಗೂ ಇದೇ ಎಂದು ನಂಬಿದ್ದರು. ನಂಬಲು ಕಾರಣವೂ ಇತ್ತು, ನೋಡಿದಲ್ಲೆಲ್ಲ ಅದೇ ಕಂಡಿತ್ತು. 1979ರಲ್ಲಿ ನೋಡಿದರೆ ನಮ್ಮದೇ ಜೀವಕೋಶದೊಳಗಿನ ಮೈಟೊಕಾಂಡ್ರಿಯಾ ಒಂದು ನಿಲುಗಡೆ ಕೋಡಾನನ್ನು ಟ್ರಿಪ್ಟೋಫ್ಯಾನ್ ಎಂಬ ಅಮೈನೊ ಆಮ್ಲ ಎಂದು ಓದುತ್ತಿತ್ತು! ಜೀವವಿಜ್ಞಾನದ ‘ಎಲ್ಲ’ಕ್ಕೆ ‘ಇಲ್ಲಿಯವರೆಗೆ ನೋಡಿದ್ದರಲ್ಲಿ’ ಎಂಬ ಬಾಲ ಇದ್ದೇ ಇರುತ್ತದೆ. ಅದು ಆ ವಿಜ್ಞಾನದ ದೌರ್ಬಲ್ಯವಲ್ಲ, ಅದು ಕೆಲಸ ಮಾಡುವ ರೀತಿ. (ಅಂದಹಾಗೆ 61 ಎರಡೂ ಕಡೆ ಬಂದದ್ದು ಕಾಕತಾಳೀಯ. ಅದರ ಮೇಲೆ ನೀನು ಬರೆದ ಪ್ಯಾರಾ ನೋಡಿ ನಗು ಬಂತು. ದಯವಿಟ್ಟು ತೆಗೆ.)

ನಮ್ಮ ಕಡೆ ಈ ಬಾಲ ಮರೆತರೆ ಓದುಗರು ದುಡ್ಡು ಕಳೆದುಕೊಳ್ಳುತ್ತಾರೆ. ಕಾಯಿಕೊರಕವನ್ನು ಕೊಲ್ಲುವ ಪ್ರೋಟೀನನ್ನು ತಾನೇ ತಯಾರಿಸುವ ಬಿಟಿ ಹತ್ತಿಗೆ 2002ರಲ್ಲಿ ಅನುಮತಿ ಸಿಕ್ಕಾಗ ‘ಇನ್ನು ಕಾಯಿಕೊರಕದ ಕಾಟವಿಲ್ಲ’ ಎಂಬ ಧಾಟಿಯಲ್ಲಿ ಮಾತಾಡಿದವರು ಕಡಿಮೆಯೇನಲ್ಲ. ಗುಲಾಬಿ ಕಾಯಿಕೊರಕ ಮೊದಲು ಒಂದು ಬಿಟಿ ಪ್ರೋಟೀನನ್ನು, ಆಮೇಲೆ ಎರಡು ಪ್ರೋಟೀನುಗಳಿರುವ ಹತ್ತಿಯನ್ನೂ ಜೀರ್ಣಿಸಿಕೊಂಡಿತು. ರಾಯಚೂರಿನ ಹತ್ತಿ ಬೆಳೆಗಾರರಿಗೆ ಇದನ್ನು ನಾನು ನೀನು ಹೇಳಬೇಕಾಗಿಲ್ಲ.

ಆದ್ದರಿಂದ ಭತ್ತಕ್ಕೆ ತಗಲುವ ದುಂಡಾಣು ಎಲೆ ಅಂಗಮಾರಿ ರೋಗದ ಬಗ್ಗೆ ‘ಈ ತಳಿಗೆ ರೋಗ ಬರುವುದಿಲ್ಲ’ ಎಂಬ ನಿನ್ನ ಸಾಲು ಹಾಗೇ ಅಚ್ಚಾಗಬಾರದು. ಹೈದರಾಬಾದಿನ ಜೀವಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ (ಸಿಸಿಎಂಬಿ) ಮತ್ತು ಭತ್ತ ಸಂಶೋಧನಾ ನಿರ್ದೇಶನಾಲಯ ಸೇರಿ ಮಾಡಿದ, 2008ರಲ್ಲಿ ಬಿಡುಗಡೆಯಾದ ಸುಧಾರಿತ ಸಾಂಬಾ ಮಸೂರಿಯ ಕತೆಯನ್ನು ನಿಧಾನವಾಗಿ ಹೇಳು. ಊರಲ್ಲಿ ಬಿಪಿಟಿ ಎಂದು ಕರೆಯುವ ಭತ್ತವೇ ಅದರ ಮೂಲ. ಅನ್ನದ ಗುಣ ಕೆಡದಂತೆ, ರೋಗನಿರೋಧಕ ಜೀನ್ ಇರುವ ಸಸಿಗಳನ್ನು ಆ ಭತ್ತದ ಜೊತೆಗೇ ಮತ್ತೆ ಮತ್ತೆ ಸಂಕರ ಮಾಡಿದರು. ಸಸಿಗೆ ರೋಗ ಬರಲಿ ಎಂದು ಕಾಯದೆ ಎಲೆಯ ಚೂರಿನ ಡಿಎನ್‌ಎ ನೋಡಿ ಆರಿಸಿಕೊಂಡರು. ಒಂದು ನಿರೋಧಕ ಜೀನ್ ಸಾಲದೆ ಮೂರನ್ನು ಒಟ್ಟಿಗೆ ಸೇರಿಸಿದ್ದೇಕೆ? ದುಂಡಾಣು ಒಂದನ್ನು ದಾಟಿದರೂ ಇನ್ನೆರಡು ಅಡ್ಡ ನಿಲ್ಲಲಿ ಎಂದು. ಮೂರು ಹಾಕಿದವರಿಗೇ ಒಂದರ ಮೇಲೆ ಪೂರ್ತಿ ಭರವಸೆ ಇರಲಿಲ್ಲ. ವರದಿ ಬರೆಯುವ ನಿನಗೆ ಎಲ್ಲಿಂದ ಬಂತು? ಯಾವ ಹೊಲಗಳಲ್ಲಿ, ಎಷ್ಟು ಹಂಗಾಮು ನೋಡಿದ್ದಾರೆಂದು ನಿನ್ನ ಮಾರ್ಗದರ್ಶಕರನ್ನು ಕೇಳಿ ಅದನ್ನೇ ಬರೆ. ಸಿಂಧನೂರಿನ ರೈತ ಬಿತ್ತನೆ ಬೀಜ ಕೊಳ್ಳುವ ಮುಂಚೆ ಓದುವುದು ಆ ಸಾಲನ್ನು, ವೃತ್ತವನ್ನಲ್ಲ.

ಎರಡು ಭಾಗಗಳನ್ನು ಒಂದೇ ಲೇಖನದಲ್ಲಿ ಇಡುವೆಯೋ, ಬೇರೆ ಮಾಡುವೆಯೋ ನಿನಗೆ ಬಿಟ್ಟಿದ್ದು. ಒಟ್ಟಿಗೇ ಇರಲಿ ಎಂದಾದರೆ ಅವುಗಳ ಜಗಳ ಕಾಣುವಂತೆ ಇಡು. ಇನ್ನೊಂದು: ಚಿತ್ರದಲ್ಲಿ ರೇಖೆಯನ್ನು ವೃತ್ತದ ಬಲತುದಿಯಿಂದ ಎಳೆದಿದ್ದೀಯ, ಪಠ್ಯದಲ್ಲಿ ಎಡತುದಿ ಎಂದಿದೆ. ಅದನ್ನೂ ತಿದ್ದಿ, ಮುಂಗಾರು ನಾಟಿಗೆ ಮುಂಚೆ ಕಳುಹಿಸು.

ಇಂತಿ
ನಿನ್ನ ಅಣ್ಣ